ಜೇಡಿಮಣ್ಣಿನಲ್ಲಿ ಅತ್ತೆಯ ಮುಖ

ಮರಾಠಿ ನಾಡಿನ ನಿಗಡಿಯ ನಮ್ಮ ಮನೆಯ ಬಿಸಿಲು ಬೀಳುವ ಗ್ಯಾಲರಿಯಲ್ಲಿ, ಒಣಹಾಕಿದ ಹಪ್ಪಳದ ಪಕ್ಕದಲ್ಲಿ, ಒದ್ದೆ ಬಟ್ಟೆ ಸುತ್ತಿಕೊಂಡ ಮಣ್ಣಿನ ತಲೆಯೊಂದು ಕುಳಿತಿದ್ದ ದಿನಗಳಿದ್ದವು. ಬಟ್ಟೆ ಆರಿದರೆ ಮಣ್ಣು ಬಿರಿಯುತ್ತದೆಂದು ಆಗಾಗ ಎದ್ದುಹೋಗಿ ನೀರು ಚಿಮುಕಿಸುತ್ತಿದ್ದ ನನ್ನನ್ನು ನೋಡಿ, ಇದು ಬಾಣಂತನವೇ ಸರಿ ಎಂದು ಮನೆಯವರು ನಗುತ್ತಿದ್ದರು. ಐವತ್ತರ ಹೊಸ್ತಿಲಲ್ಲಿ ಬಾಣಂತನದ ಭಾಗ್ಯ ಎಷ್ಟು ಜನರಿಗುಂಟು, ನೀವೇ ಹೇಳಿ!

ಅಲ್ಲಿಯವರೆಗೆ ನನ್ನ ಬೆರಳುಗಳಿಗೆ ಗೊತ್ತಿದ್ದದ್ದು ಕಂಪ್ಯೂಟರಿನ ಗುಂಡಿಗಳು ಮಾತ್ರ. ಮಗರಪಟ್ಟಾದ ಕಚೇರಿಯೊಂದರಲ್ಲಿ ಕೆಲಸ. ಊರಿನ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ತೂಕಡಿಸುತ್ತ ಹೋಗಿಬರುವುದರಲ್ಲೇ ಅರ್ಧ ಪ್ರಾಯ ಸವೆದಿತ್ತು. ಒಂದು ಮಧ್ಯಾಹ್ನ ಪೇಟೆಯಲ್ಲಿ ಮಳೆ ಬಂತೆಂದು ಹಳೆಯ ವಾಡೆಮನೆಯ ಜಗುಲಿಕಟ್ಟೆಯ ಮೇಲೆ ನಿಂತವಳು ಕಿಟಕಿಯೊಳಗೆ ಇಣುಕಿದೆ. ಹೆಂಗಸೊಬ್ಬಳು ಮಣ್ಣಿನ ಮುದ್ದೆಯ ಮೇಲೆ ಹೆಬ್ಬೆರಳನ್ನು ಎಳೆದಳು. ಅಲ್ಲಿ ಮನುಷ್ಯನ ಹುಬ್ಬೊಂದು ಎದ್ದಿತು. ಆ ಹುಬ್ಬು ನನ್ನನ್ನು ಬಿಡಲಿಲ್ಲ. ಭಾನುವಾರಗಳಲ್ಲಿ ಆ ಹೆಂಗಸಿನ ಬಳಿಯೇ ಕಲಿಯತೊಡಗಿದೆ. ಆದರೆ ಮಣ್ಣು ಭಾನುವಾರದಿಂದ ಭಾನುವಾರಕ್ಕೆ ಕಾಯುವ ಪದಾರ್ಥವಲ್ಲ. ಕಡೆಗೆ ರಾಜೀನಾಮೆ ಕೊಟ್ಟೆ.

“ಹುಚ್ಚ ಹಿಡದದೇನು ನಿನಗ? ಈ ವಯಸ್ಸಿನ್ಯಾಗ ತಿರುಗಿ ನೌಕರಿ ಯಾರು ಕೊಡ್ತಾರ?” ಎಂದರು ಮನೆಯವರು. ಉತ್ತರ ಬಂದದ್ದು ಒಳಕೋಣೆಯಿಂದ, ಎಂಬತ್ತು ದಾಟಿದ ಅತ್ತೆಯವರಿಂದ. “ಎಲ್ಲಾರೂ ಒಂದಿನ ಮಣ್ಣಾಗಾವ್ರ ಇದ್ದೀವಿ. ಆಕಿ ಈಗ ಒಂದೀಟು ಮುಟ್ಟಿ ನೋಡ್ಲಿ ಬಿಡೋ!”

ಕಲಿಸುವಾಕೆಯನ್ನು ಎಲ್ಲರೂ ‘ತಾಈ’ ಎನ್ನುತ್ತಿದ್ದರು. ಮರಾಠಿಯಲ್ಲಿ ಅದು ಅಕ್ಕ, ಕನ್ನಡದ ಕಿವಿಗೆ ತಾಯಿ. ವಯಸ್ಸಿನಲ್ಲಿ ನನಗಿಂತ ಕಿರಿಯಳಾದರೂ ಆಕೆ ನನಗೆ ಎರಡೂ ಆದಳು. ಕಾಲೇಜು ಹುಡುಗಿಯರ ನಡುವೆ ಮೊಣಕಾಲು ಹಿಡಿದುಕೊಂಡು ಏಳುವವಳು ನಾನೊಬ್ಬಳೇ. ಬಹಳ ದಿನ ನಾನು ಮಾಡಿದ ಮೂಗುಗಳೆಲ್ಲ ಬದನೆಕಾಯಿ, ಕಿವಿಗಳೆಲ್ಲ ಕರಜಿಕಾಯಿ. ಜೀವಂತ ಮುಖವೊಂದನ್ನು ಎದುರಿಗಿಟ್ಟುಕೊಂಡು ಮಾಡು ಎಂದು ತಾಈ ಹೇಳಿದಾಗ ಕೇಳದೆಯೇ ಸಿಕ್ಕ ಮುಖ ಅತ್ತೆಯವರದು. ಗ್ಯಾಲರಿಯ ಬೆಳಕಿನಲ್ಲಿ ದಿನವೂ ಕುರ್ಚಿ ಹಾಕಿಕೊಂಡು ಕುಳಿತರು.

ಆ ಮೊದಲ ತಲೆ ಭಟ್ಟಿಯಲ್ಲಿ ಸುಡುವಾಗ ಸಿಡಿದು ಚೂರಾಯಿತು. ಒಳಗಿನ ಮಣ್ಣನ್ನು ಸಾಕಷ್ಟು ಕೆರೆದು ತೆಗೆದಿರಲಿಲ್ಲ, ಹಸಿ ಉಳಿದಿತ್ತು. ರಾಜೀನಾಮೆ ಕೊಟ್ಟ ದಿನ ಬಾರದ ಭಯ ಅಂದು ಬಂತು: ಇದ್ದದ್ದನ್ನೂ ಕಳೆದುಕೊಂಡು ಕೂತೆನೇ? ವಯಸ್ಸಾದ ಜೀವಕ್ಕೆ ಇಂಥ ಅಪಶಕುನವನ್ನು ಹೇಗೆ ಹೇಳಲಿ?

“ಅತ್ತಿ, ನಿಮ್ಮ ತಲಿ ಒಡೀತ್ರಿ.”

ಅವರು ನಕ್ಕುಬಿಟ್ಟರು. “ಭಾಳ ಮಂದಿ ಅದಕ್ಕ ಕಾಯಾಕತ್ತಿದ್ರು. ನಡಿ, ಇನ್ನೊಂದ ಮಾಡು.”

ಎರಡನೆಯದನ್ನು ಅರ್ಧ ಮಾಡಿದಾಗ ತಾಈ ಮನೆಗೇ ಬಂದು ನೋಡಿದಳು. ಒಮ್ಮೆ ಅತ್ತೆಯವರನ್ನು, ಒಮ್ಮೆ ಮಣ್ಣನ್ನು ನೋಡಿ, “ಘಾಬರ್‌ತೇಸ್ ಕಶಾಲಾ?” ಎಂದಳು. ಯಾಕೆ ಹೆದರುತ್ತೀ? ನಿಜವೇ. ಮುದುಕಿಗೆ ನೋವಾದೀತೆಂದು ನಾನು ಕೆನ್ನೆ ತುಂಬಿಸಿದ್ದೆ, ಸುಕ್ಕು ಸವರಿದ್ದೆ.

ಆಕೆ ಹೋದ ಮೇಲೆ ಅತ್ತೆಯವರು ಬಟ್ಟಲೊಂದನ್ನು ಹಿಡಿದು ಕುರ್ಚಿಗೆ ಬಂದು ಕುಳಿತರು. ಹಲ್ಲಿನ ಸೆಟ್ಟಿಲ್ಲದೆ ಮಗನೆದುರಿಗೂ ಬಾರದ ಹೆಂಗಸು ಅವರು. ಮೆಲ್ಲಗೆ ಅದನ್ನು ತೆಗೆದು ಅದರಲ್ಲಿಟ್ಟರು. ತುಟಿಗಳು ಒಳಸೇರಿದವು, ಗಲ್ಲ ಮೇಲೆದ್ದಿತು, ಕಂಡೇ ಇರದ ಮುಖವೊಂದು ನನ್ನೆದುರು ತೆರೆಯಿತು. “ಹಿಂಗ ಮಾಡು. ಖರೇ ಇದ್ದಂಗ.”

ತುಂಬಿಸಿದ್ದ ಕೆನ್ನೆಯ ಮಣ್ಣನ್ನು ಕೆರೆದು ತೆಗೆದೆ. ಹೊಸದನ್ನು ಕಲಿಯಹೊರಟವರ ಎದೆಗಾರಿಕೆಯನ್ನು ನಾವು ಕೊಂಡಾಡುತ್ತೇವೆ. ಕಲಿಯುವವರ ಮುಂದೆ ತಮ್ಮನ್ನು ಒಡ್ಡಿಕೊಂಡು ಕೂರುವವರನ್ನು ಯಾರು ನೆನೆಯುತ್ತಾರೆ? ಹೊಸ ನಾವಿದನಿಗೆ ಮೊದಲು ಗಲ್ಲ ಕೊಟ್ಟವನು, ಹೊಸ ಸೊಸೆಯ ಸೀದ ಹೋಳಿಗೆಯನ್ನು ಚೆನ್ನಾಗಿದೆ ಎಂದು ತಿಂದವಳು, ಇವರಿಲ್ಲದೆ ಯಾವ ಕಲೆ ಯಾರ ಕೈಗೆ ಹತ್ತೀತು? ನಾನು ಬಿಟ್ಟುಬಂದದ್ದು ಒಂದು ನೌಕರಿಯನ್ನು. ಅವರು ನನ್ನ ಕೈಗೆ ಕೊಟ್ಟದ್ದು ತಮ್ಮ ಮುಖವನ್ನು.

ಈ ಸಲ ತಲೆ ಇಡಿಯಾಗಿ, ಇಟ್ಟಿಗೆಗೆಂಪಾಗಿ ಭಟ್ಟಿಯಿಂದ ಹೊರಬಂತು. ಮನೆಗೆ ತಂದು ಮೇಜಿನ ಮೇಲಿಟ್ಟೆ. ಅತ್ತೆಯವರು ಕನ್ನಡಕ ಹಾಕಿಕೊಂಡು ಬಂದು, ಆ ಬತ್ತಿದ ಕೆನ್ನೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು.

“ಇದು ನಾ ಅಲ್ಲ,” ಎಂದರು.

ತಲೆಯನ್ನು ತೆಗೆದಿಡಲು ನಾನು ಕೈಚಾಚಿದೆ; ಅವರು ಅಂಗೈ ತೆಗೆಯಲಿಲ್ಲ.

“ಇದು ನಮ್ಮವ್ವ. ಕಡೀಕ ಆಕಿ ಹಿಂಗ ಇದ್ಲು. ಆಕೀದೊಂದ ಫೋಟೋನೂ ಇರಲಿಲ್ಲ ನಮ್ಮ ಮನ್ಯಾಗ.” ಸೆರಗಿನ ತುದಿಯಿಂದ ಮಣ್ಣಿನ ಹಣೆಯ ಧೂಳನ್ನು ಒರೆಸಿದರು. ಆಮೇಲೆ, ನಾನು ಅಲ್ಲಿರುವುದನ್ನೇ ಮರೆತವರ ಹಾಗೆ, ಸಣ್ಣ ದನಿಯಲ್ಲಿ ಕೇಳಿದರು: “ಎಷ್ಟ ವರ್ಷ ಆತವ್ವಾ, ನಿನ್ನ ನೋಡಿ?”