ಮಲಗಿಸಿದರೆ ಓಡುವ ಯಂತ್ರ

ಕಂಪ್ಯೂಟರಿನ ಫ್ಯಾನು ಮೊದಲು ಗೊಣಗಿತು, ಆಮೇಲೆ ಕೂಗಿತು, ಆಮೇಲೆ ಅರಚಿತು. ಕೊನೆಗೊಮ್ಮೆ ‘ಟಕ್’ ಎಂದು ಎಲ್ಲ ನಿಂತುಹೋಯಿತು. ಎಷ್ಟು ಮೌನವೆಂದರೆ, ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದದ್ದು ಕೇಳಿಸಿತು.

“ಸದ್ಯ, ಇವತ್ತಾದರೂ ನಿನ್ನ ಕಣ್ಣೆದುರಿಗೆ ಸತ್ತಿತಲ್ಲ” ಎಂದಳು ಅಕ್ಕ, ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತು.

ತಮ್ಮ ಕಪ್ಪಾದ ಪರದೆಯನ್ನೇ ನೋಡುತ್ತ ಕುಳಿತಿದ್ದ. ಕಂಪ್ಯೂಟರ್ ರಿಪೇರಿಗೆ ಇಳಿದು ಅವನಿಗೆ ಇಪ್ಪತ್ತೆರಡು ವರ್ಷ. ಜೇಬಿಗೆ ಕೈ ಹಾಕಿದರೆ ಕರವಸ್ತ್ರಕ್ಕಿಂತ ಮೊದಲು ಸ್ಕ್ರೂ ಸಿಗುತ್ತಿದ್ದುದರಿಂದ ಅಂಗಡಿ ಬೀದಿಯ ಮಕ್ಕಳೆಲ್ಲ ಅವನನ್ನು ಸ್ಕ್ರೂ ಮಾಮ ಎನ್ನುತ್ತಿದ್ದರು. ಮೊದಮೊದಲು ಗಿರಾಕಿಗಳು ಹೇಳುವುದನ್ನು ಕಥೆ ಕೇಳಿದಂತೆ ಕೇಳುತ್ತಿದ್ದ. ಈಚೆಗೆ ಅರ್ಧ ಕೇಳಿ, ಉಳಿದರ್ಧವನ್ನು ತಾನೇ ಹೇಳಿ ಮುಗಿಸಿಬಿಡುತ್ತಿದ್ದ. ನಿದ್ದೆ ಮಾಡಿದರೂ ಹೋಗದ ಆಯಾಸ ಅದು. ಕಣ್ಣಿನಿಂದ ಶುರುವಾಗಿ ನಡುವಿಗಿಳಿದು ಅಲ್ಲೇ ಮನೆ ಮಾಡಿತ್ತು.

ಅಕ್ಕ ಚಿಕ್ಕ ಮಕ್ಕಳಿಗೆ ಪಾಠದ ಚಲಿಸುವ ಚಿತ್ರಗಳನ್ನು ಮಾಡುತ್ತಿದ್ದಳು. ಒಂದು ಇರುವೆ ಎಲೆ ದಾಟಬೇಕಾದರೆ ಅವಳು ಆ ಇರುವೆಯನ್ನು ನೂರು ಸಲ ಬರೆಯಬೇಕು. ಬರೆಯುವಷ್ಟು ಹೊತ್ತೂ ಯಂತ್ರ ಹಸುವಿನಂತೆ ಇರುತ್ತಿತ್ತು. ಚಿತ್ರಗಳನ್ನೆಲ್ಲ ಪೋಣಿಸಿ ಒಂದು ಸಿನಿಮಾ ಮಾಡು ಎಂದರೆ ಮಾತ್ರ, ಎರಡು ಗಂಟೆ ಮೈಮುರಿದು ದುಡಿಯಬೇಕಾದ ಆ ಕೆಲಸದ ನಡುವೆ ಇಪ್ಪತ್ತೇ ನಿಮಿಷಕ್ಕೆ ಪ್ರಾಣ ಬಿಡುತ್ತಿತ್ತು. ಅವನು ಅದನ್ನು ನಾಲ್ಕು ಸಲ ಊರಿನ ಆಚೆ ತುದಿಯ ತನ್ನ ಅಂಗಡಿಗೆ ಹೊತ್ತುಕೊಂಡು ಹೋಗಿದ್ದ. ಯಂತ್ರವನ್ನು ಸುಸ್ತು ಮಾಡುವುದಕ್ಕೆಂದೇ ಇರುವ ಪ್ರೋಗ್ರಾಮು ಹಾಕಿ ದಿನವಿಡೀ ದುಡಿಸಿದ್ದ. ಅದು ಒಂದು ಸಲವೂ ಕೆಮ್ಮಲಿಲ್ಲ. ಆದರೂ ಇರಲಿ ಎಂದು ಕರೆಂಟಿನ ಡಬ್ಬ ಬದಲಿಸಿದ, ಮೆಮೊರಿ ಬದಲಿಸಿದ. ನಾಲ್ಕನೆಯ ಸಲ ವಾಪಸು ತಂದಿಟ್ಟಾಗ, ಭಾವನ ಎದುರಿಗೇ ಹೇಳಿದ್ದ: ಯಂತ್ರಕ್ಕೇನೂ ಆಗಿಲ್ಲ, ಅಕ್ಕನೇ ಏನೋ ಒತ್ತುತ್ತಾಳೆ.

ಭಾವನಿಗೆ ಅಷ್ಟೇ ಸಾಕಾಗಿತ್ತು. ಅಂದಿನಿಂದ ಮನೆಯಲ್ಲಿ ಬಲ್ಬು ಹೋದರೂ ‘ನಿಮ್ಮಕ್ಕನ ಕೈಗುಣ’. ಅಕ್ಕ ನಗುತ್ತಿದ್ದಳು. ಆದರೆ ಕೀಲಿಮಣೆ ಮುಟ್ಟುವ ಮೊದಲು ಎರಡೂ ಕೈಗಳನ್ನು ಬಟ್ಟೆಗೆ ಒರೆಸಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು. ಇವತ್ತು ತಮ್ಮನ ಕಣ್ಣಿಗೆ ಅದು ಬಿತ್ತು.

ಐದೂವರೆಯೊಳಗೆ ಪ್ರಕಾಶಕರಿಗೆ ಸಿನಿಮಾ ಮುಟ್ಟಬೇಕು. ತಪ್ಪಿದರೆ ಮುಂದಿನ ಹನ್ನೆರಡು ಪಾಠ ಬೇರೆಯವರ ಪಾಲು. ಈಗ ಎರಡೂಮುಕ್ಕಾಲು. ಅಂಗಡಿಗೆ ಹೊತ್ತೊಯ್ಯಲು ಹೊತ್ತಿಲ್ಲ.

ಅವನು ಮೇಜಿನ ಕೆಳಗೆ ನಿಂತಿದ್ದ ಕಂಪ್ಯೂಟರ್ ಡಬ್ಬವನ್ನು ಹೊರಗೆಳೆದು ನೆಲದ ಮೇಲೆ ಅಡ್ಡ ಮಲಗಿಸಿ ಮುಚ್ಚಳ ಬಿಚ್ಚಿದ. ಒಳಗೆ ಧೂಳಿರಲಿಲ್ಲ, ಸುಟ್ಟ ವಾಸನೆ ಇರಲಿಲ್ಲ. ಮತ್ತೆ ಎತ್ತಿ ನಿಲ್ಲಿಸೋಣವೆಂದರೆ ನಡು ಕೇಳಲಿಲ್ಲ. “ಹೀಗೇ ಶುರು ಮಾಡಕ್ಕ” ಎಂದು ಗೋಡೆಗೊರಗಿದ.

ಅಕ್ಕ ಕೈ ಒರೆಸಿಕೊಂಡು ಗುಂಡಿ ಒತ್ತಿದಳು. ಒತ್ತಿದವಳೇ ಪಕ್ಕದ ಕೋಣೆಗೆ ಹೋದಳು. ಯಾಕೆ ಎಂದು ಅವನು ಕೇಳಲಿಲ್ಲ.

ಫ್ಯಾನು ಗೊಣಗಿತು. ಇಪ್ಪತ್ತು ನಿಮಿಷ ಕಳೆಯಿತು. ಅರ್ಧ ಗಂಟೆಯೂ ಕಳೆಯಿತು. ಗೊಣಗಾಟ ಅರಚಾಟವಾಗಲಿಲ್ಲ. ಅಂಗಡಿಯಲ್ಲಿ ಆಗುವಂತೆಯೇ ಎಂದುಕೊಂಡ. ಹಾಗೆ ಅಂದುಕೊಂಡ ಮೇಲೆ ಸುಮ್ಮನಿರಲಾಗಲಿಲ್ಲ. ಅಂಗಡಿಗೂ ಇಲ್ಲಿಗೂ ಏನು ಸಮ? ಅಲ್ಲಿಯೂ ಯಂತ್ರ ಮಲಗಿರುತ್ತದೆ. ರಿಪೇರಿಯವರ ಬೆಂಚಿನ ಮೇಲೆ ಯಂತ್ರ ಯಾವತ್ತೂ ಮಲಗಿಯೇ ಇರುತ್ತದೆ. ಮನೆಗಳಲ್ಲಿ ನಿಂತಿರುತ್ತದೆ.

ಬಗ್ಗಿ, ಬಿಸಿ ಹೀರಿಕೊಳ್ಳಲು ಯಂತ್ರದ ಮುಖ್ಯ ಚಿಪ್‌ನ ಮೇಲೆ ಕೂರಿಸಿದ್ದ ಲೋಹದ ಗಟ್ಟಿಯನ್ನು ಬೆರಳ ತುದಿಯಿಂದ ಮುಟ್ಟಿದ. ಬೀಳಲಿರುವ ಹಾಲುಹಲ್ಲಿನಂತೆ ಅದು ಸ್ವಲ್ಪವೇ ಸ್ವಲ್ಪ ಅಲ್ಲಾಡಿತು. ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಮುರಿದಿತ್ತು. ಮಲಗಿದ್ದಾಗ ಗಟ್ಟಿ ತನ್ನ ಭಾರಕ್ಕೆ ತಾನೇ ಸರಿಯಾಗಿ ಕೂರುತ್ತದೆ. ನಿಲ್ಲಿಸಿದರೆ ವಾಲುತ್ತದೆ, ಚಿಪ್ ಕಾಯುತ್ತದೆ, ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ಆರಿಹೋಗುತ್ತದೆ. ಈ ಯಂತ್ರವನ್ನು ಅವನೇ ಜೋಡಿಸಿಕೊಟ್ಟಿದ್ದ. ಆ ಪಿನ್ನು ಒತ್ತುವಾಗ ‘ಚಿಟ್’ ಅಂದದ್ದು ಅವನಿಗೆ ಆಗಲೇ ಕೇಳಿಸಿತ್ತು. ಉಳಿದ ಮೂರು ಪಿನ್ನು ಭದ್ರವಾಗಿವೆಯಲ್ಲ ಎಂದುಕೊಂಡಿದ್ದ.

ಸಿನಿಮಾ ಮುಗಿಯುವಾಗ ಐದಕ್ಕೆ ಹತ್ತು ನಿಮಿಷ. ಅಕ್ಕ ಬಂದು ಕಳಿಸಿದಳು. ಮುಟ್ಟಿತು ಎಂದು ಆ ಕಡೆಯಿಂದ ಉತ್ತರವೂ ಬಂತು. ಭಾವ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಏನಯ್ಯಾ, ಮಲಗಿಸಿಬಿಟ್ಟಿದ್ದೀಯ. ಜ್ವರಾನಾ?”

“ಜ್ವರಾನೇ ಭಾವ.”

“ಅಂತೂ ನಿಮ್ಮಕ್ಕನ ಕೈಗುಣ...”

“ಕೈಗುಣ ನಂದು ಭಾವ” ಎಂದ. ಪಿನ್ನಿನ ವಿಷಯ ಹೇಳಿದ, ‘ಚಿಟ್’ ಎಂದದ್ದನ್ನೂ ಬಿಡದೆ. ಹೇಳುವಾಗ ನೆಲ ನೋಡುತ್ತಿದ್ದ. ಭಾವ ಲೋಟವನ್ನು ಮೇಜಿನ ಮೇಲಿಟ್ಟು ಒಳಗೆ ಹೋದ.

ಅಕ್ಕ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

“ನಾನು ಪಕ್ಕದ ಕೋಣೇಲಿ ಕೂತಿರ್ತಿದ್ದೆ ಕಣೋ. ನನ್ನ ನೆರಳು ಬಿದ್ರೂ ನಿಂತುಬಿಡುತ್ತೇನೋ ಅಂತ. ನಗಬೇಡ.”

ಅವನು ನಗುತ್ತಿರಲಿಲ್ಲ. ಅಂಗಡಿಗೆ ಮೂರು ಸಲ ಬಂದು, ಮೂರು ಸಲವೂ ‘ಏನೂ ಆಗಿಲ್ಲ, ನೀವೇ ಏನೋ ಒತ್ತಿರಬೇಕು’ ಎಂದು ಹೇಳಿಸಿಕೊಂಡು, ಆಮೇಲೆ ಬರುವುದನ್ನೇ ಬಿಟ್ಟ ಅರ್ಜಿ ಟೈಪ್ ಮಾಡಿಕೊಡುವ ಬೆರಳಚ್ಚಿನ ಅಜ್ಜ ನೆನಪಾಗಿದ್ದರು. ಕಂಪ್ಯೂಟರ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಅಂಗಡಿಯ ಮೆಟ್ಟಿಲು ಇಳಿಯುವಾಗ ಅವರು ಒಮ್ಮೆ ತಿರುಗಿ ನೋಡಿದ್ದರು. ಅವರ ನಂಬರು ಅಂಗಡಿಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು ಇನ್ನೂ ಇರಬೇಕು.

“ಅವತ್ತು ನೀನು ಇವರ ಎದುರಿಗೆ ಹಾಗಂದಾಗ ನನಗೆ ಏನನ್ನಿಸಿತು ಗೊತ್ತಾ? ಹೇಳ್ತೀನಿ ಕೇಳು...”

ಅವನು ಗೋಡೆ ಹಿಡಿದು ಎದ್ದ. ಚಹಾ ಮುಟ್ಟಲಿಲ್ಲ. ಚಪ್ಪಲಿಗೆ ಕಾಲು ತೂರಿಸಿ ಬಾಗಿಲು ದಾಟಿದ.

“ಪಿನ್ನು ತರೋಕಾ? ನಿಲ್ಲೋ, ನನ್ನ ಮಾತಿನ್ನೂ...”

ಗೋಡೆಯ ಮೇಲಿನ ಆ ನಂಬರಿಗಾಗಿ ಹೊರಟ ಅವನು ಆಗಲೇ ನಾಲ್ಕು ಮೆಟ್ಟಿಲು ಇಳಿದಿದ್ದ.