ಬೆಳಕಿಗೆ ಹಿಡಿದ ಕರ್ನಲ್

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನನಗೆ ಪ್ರಾಜೆಕ್ಟಿನ ವಿಷಯ ಸಿಕ್ಕಿದ್ದು ಜ್ಞಾನದಿಂದಲ್ಲ, ಮಿಮಿಕ್ರಿಯಿಂದ. ನಮ್ಮ ಗೈಡು ಮೇಷ್ಟ್ರು ‘ಎಕ್ಸ್‌ಟೆನ್ಸಿಬಲ್ ಕರ್ನಲ್’ ಎನ್ನುವಾಗ ಕನ್ನಡಕವನ್ನು ಹಣೆಗೇರಿಸಿ, ‘ಬಲ್’ ಎಂಬಲ್ಲಿ ಮೂಗಿನಲ್ಲೇ ಒಂದು ಗಂಟೆ ಬಾರಿಸುತ್ತಿದ್ದರು. ಹಾಸ್ಟೆಲ್ಲಿನಲ್ಲಿ ದಿನಕ್ಕೆ ನಾಲ್ಕು ಸಲ ಅದನ್ನು ಮಾಡಿ ತೋರಿಸುತ್ತಿದ್ದೆ. ಐದನೆಯ ಸಲ ಮಾಡುವಾಗ ಅವರು ಬಾಗಿಲಲ್ಲೇ ನಿಂತಿದ್ದರು.

“ಇಷ್ಟು ಚೆನ್ನಾಗಿ ಹೇಳ್ತೀಯಲ್ಲ, ಅದನ್ನೇ ಪ್ರಾಜೆಕ್ಟ್ ಮಾಡು,” ಎಂದರು. ಪಕ್ಕದಲ್ಲಿ ಕೂತು ನಕ್ಕ ತಪ್ಪಿಗೆ ಮೊಳಕಾಲ್ಮೂರಿನ ಗೆಳೆಯನನ್ನೂ ನನಗೆ ಜೋಡಿ ಮಾಡಿದರು. ಪಾಪ, ಅವನು ನಕ್ಕಿದ್ದು ಒಂದೇ ಸಲ.

ಕರ್ನಲ್ ಎಂದರೆ ಕಂಪ್ಯೂಟರಿನ ನಡುಮನೆ. ಮಿಕ್ಕ ಪ್ರೋಗ್ರಾಮುಗಳೆಲ್ಲ ಜಗುಲಿಯ ಮೇಲೆ ಕೂತು, ಏನು ಬೇಕಾದರೂ ಬಾಗಿಲು ತಟ್ಟಿ ಕೇಳಬೇಕು. ಹೀಗೆ ತಟ್ಟುವುದರಲ್ಲೇ ಹೊತ್ತು ಹೋಗುತ್ತದೆ. ಹೊರಗಿನವರು ಬರೆದ ಕೋಡನ್ನು ನಡುಮನೆಯೊಳಕ್ಕೇ ಬಿಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ, ಆದರೆ ಅದು ಎಡವಿದರೆ ಮನೆಯೇ ಮಲಗುತ್ತದೆ. ವೇಗವೂ ಇರಬೇಕು, ಮನೆಯೂ ಉಳಿಯಬೇಕು. ಅಂಥದೊಂದು ಪುಟ್ಟ ‘ಎಕ್ಸ್‌ಟೆನ್ಸಿಬಲ್’ ಕರ್ನಲ್ಲನ್ನು ನಾವು ಕಟ್ಟಬೇಕಿತ್ತು. ಪರೀಕ್ಷೆಯ ದಿನ ಹೊರಗಿನಿಂದ ಬರುವ ಪರೀಕ್ಷಕರ ಎದುರಿಗೆ ಯಂತ್ರ ನಿಂತುಹೋದರೆ ಇಬ್ಬರಿಗೂ ಒಂದು ವರ್ಷ ಖೋತಾ.

ಕಂಪ್ಯೂಟರ್ ಇದ್ದದ್ದು ಚಳ್ಳಕೆರೆಯಲ್ಲಿ, ನಮ್ಮಪ್ಪನ ಎಣ್ಣೆ ಮಿಲ್ಲಿನ ಅಟ್ಟದ ಮೇಲೆ. ರಜೆ ಬಂತೆಂದರೆ ಗೆಳೆಯನೂ ಅಲ್ಲೇ ಠಿಕಾಣಿ. ಕೀಬೋರ್ಡಿನ ಮೇಲೆಲ್ಲ ಶೇಂಗಾ ಸಿಪ್ಪೆಯ ಧೂಳು. ಮೊದಲು, ಒಳಗೆ ಬಂದ ಕೋಡಿನ ಒಂದೊಂದು ಹೆಜ್ಜೆಗೂ ತಪಾಸಣೆ ಇಟ್ಟೆವು. ಚಳ್ಳಕೆರೆಯಿಂದ ತಳಕಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಚಕ್ರ ಒಂದು ಸುತ್ತು ಉರುಳಿದಾಗಲೆಲ್ಲ ಟಿಕೆಟ್ ಕೇಳಿದರೆ ಹೇಗೋ ಹಾಗಾಯಿತು. ಲೆಕ್ಕ ಸರಿ, ಆದರೆ ಗುಂಡಿ ಒತ್ತಿ ಕೆಳಗೆ ಹೋಗಿ ಚಹಾ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ಸಿಟ್ಟು ಬಂದು ತಪಾಸಣೆಯನ್ನೇ ಕಿತ್ತೆಸೆದೆ. ಈಗ ಬಾಣದಂತೆ ಓಡಿತು. ಓಡಿ ಸೀದಾ ಗೋಡೆಗೆ ಗುದ್ದಿತು. ಪರದೆ ಸ್ತಬ್ಧ.

ನನ್ನ ಕೋಡಿನಲ್ಲಿ ತಪ್ಪಿರಬಹುದು ಎಂಬ ಅನುಮಾನ ನನಗೆ ಬರಲಿಲ್ಲ. ನಮ್ಮೂರಿನವರಿಗೆ ಬಲ್ಬು ಮಿಣುಕಿದರೂ ಕಾರಣ ಒಂದೇ, ಮಿಲ್ಲು. “ಕೆಳಗೆ ಮಿಷನ್ನು ಶುರುವಾದ್ರೆ ವೋಲ್ಟೇಜ್ ಬೀಳ್ತೈತೆ, ಅದಕ್ಕೇ ನಿಲ್ತೈತೆ,” ಎಂದು ಗೆಳೆಯನಿಗೆ ಘೋಷಿಸಿ, ಕೆಳಗಿಳಿದು ಅಪ್ಪನಿಗೆ ಹೇಳಿ ಒಂದು ಬೆಳಗ್ಗೆ ಮಿಲ್ಲನ್ನೇ ನಿಲ್ಲಿಸಿದೆ. ಕೂಲಿಯವರು, ಮಿಸ್ತ್ರಿ, ಅಪ್ಪ ಎಲ್ಲರೂ ಅಟ್ಟದ ಏಣಿಯ ಮೇಲೆ ಸಾಲಾಗಿ ನಿಂತು ನೋಡಿದರು. ಗುಂಡಿ ಒತ್ತಿದೆ. ಆ ಮೌನದಲ್ಲಿ ಕಂಪ್ಯೂಟರ್ ಇನ್ನೂ ಬೇಗ ನಿಂತಿತು.

“ಈಗ ಏನ್ ನಿಲ್ಲಿಸ್ಬೇಕಪ್ಪಾ?” ಎಂದರು ಅಪ್ಪ. “ಶೇಂಗಾ ತರೋ ರಾಂಪುರದ ಲಾರಿ ನಿಲ್ಲಿಸ್ಲಾ?”

ಕೂಲಿಯವರೆಲ್ಲ ನಕ್ಕರು, ಮಿಸ್ತ್ರಿ ಮಾತ್ರ ನಗಲಿಲ್ಲ. ಅದೇ ಹೆಚ್ಚು ಉರಿಯಿತು.

ಪರೀಕ್ಷೆಗೆ ಹತ್ತು ದಿನ ಇರುವಾಗ ಗೆಳೆಯ, “ಮನೆಗೆ ಹೋಗಿ ಬರ್ತೀನಿ, ತಲೆ ಕೆಟ್ಟೈತೆ,” ಎಂದ. ಒಬ್ಬನೇ ಕೂತು ಪರದೆ ನೋಡುವ ಧೈರ್ಯ ನನಗಿರಲಿಲ್ಲ, ಹಿಂದೆಯೇ ಬಸ್ಸು ಹತ್ತಿದೆ.

ಮೊಳಕಾಲ್ಮೂರಿನ ಅವನ ಮನೆಯಲ್ಲಿ ಮಗ್ಗವೇ ಯಜಮಾನ, ಜನ ಅದರ ಸುತ್ತ ಉಳಿದ ಜಾಗದಲ್ಲಿ ಬದುಕುತ್ತಿದ್ದರು. ಅವನ ಅವ್ವ ಕಿಟಕಿಯ ಬಳಿ ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಸೀರೆಯ ಹೊಸ ಬುಟ್ಟಾ ಚಿತ್ತಾರಕ್ಕೆಂದು ಬೇರೆ ಯಾರೋ ತೂತು ಹೊಡೆದು ಕಳಿಸಿದ ರಟ್ಟಿನ ಅಟ್ಟೆಗಳ ಕಟ್ಟು. ಮಗ್ಗದ ಮೇಲೆ ಈ ಅಟ್ಟೆಗಳು ಒಂದೊಂದಾಗಿ ಸರಿಯುತ್ತವೆ. ತೂತಿದ್ದ ಕಡೆ ರೇಷ್ಮೆಯ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಚಿತ್ತಾರ ಮೂಡುವುದು ಹಾಗೆ.

“ಏಮಪ್ಪಾ, ಮುಖ ಯಾಕೆ ಹಂಗೈತೆ?” ಎಂದರು. ಉತ್ತರವಾಗಿ ಗೈಡು ಮೇಷ್ಟ್ರನ್ನು ಮಾಡಿ ತೋರಿಸಿದೆ, ಮೂಗಿನ ಗಂಟೆ ಸಮೇತ. ಅವರು ಹೊಟ್ಟೆ ಹಿಡಿದು ನಕ್ಕರು. ಆದರೆ ಕಣ್ಣು ಅಟ್ಟೆಯಿಂದ ಕದಲಲಿಲ್ಲ. ಒಂದೊಂದು ಹೊಸ ಅಟ್ಟೆಯನ್ನೂ ಒಂದು ಹಳೆಯ ಅಟ್ಟೆಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು.

“ಅದೇನ್ರಿ ಅವ್ವಾ?”

“ಇದು ಮನೆ ಅಟ್ಟೆ. ನಡುಮಧ್ಯೆ ಎಲ್ಲಾ ತೂತು, ಅಂಚಿನ ಕಡೆ ಒಂದೂ ಇಲ್ಲ. ಅಂಚು ನಮ್ದು, ಅದನ್ನ ಬೇರೆಯೋರು ಮುಟ್ಟಂಗಿಲ್ಲ. ಬುಟ್ಟಾ ಮಾತ್ರ ಅವ್ರದು. ಹೊಸ ಅಟ್ಟೆ ಮೇಲಿಟ್ರೆ ಪ್ರತಿ ತೂತಿಂದಾನೂ ಬೆಳಕು ಬರ್ಬೇಕು. ಒಂದು ಕುರುಡಾದ್ರೂ ವಾಪಸ್ಸು.”

ಮುಂದೆ ಬೆರಳಿನಲ್ಲಿ ಏನೋ ಎಣಿಸಿದರು. ಒಂದೇ ಎಳೆ ಎಂಟು ಅಟ್ಟೆ ದಾಟಿದರೂ ಕೆಳಗಿಳಿಯದೆ ನಿಂತಿದ್ದರೆ ಅದೂ ವಾಪಸ್ಸಂತೆ. “ಅಷ್ಟುದ್ದ ಬಿಟ್ರೆ ಬಳೆಗೆ ಸಿಕ್ಕಿ ಕಿತ್ತೋಗ್ತೈತೆ.”

ನಾನು ಜಾಣನಂತೆ ಕೇಳಿದೆ: “ಇಷ್ಟೆಲ್ಲಾ ಯಾಕ್ರಿ? ನೇಯ್ತಾ ನೇಯ್ತಾ ನೋಡ್ಕೊಂಡ್ರೆ ಆಗಲ್ವಾ?”

“ನೇಯೋವಾಗ ಒಂದೊಂದು ಎಳೆನೂ ನಿಲ್ಲಿಸಿ ನೀನ್ಯಾರು, ಎಲ್ಲಿಗೆ ಹೋಗ್ತೀಯಾ ಅಂತ ಕೇಳ್ತಾ ಕುಂತ್ರೆ ಸೀರೆ ಯಾವ ಜನ್ಮಕ್ಕೆ ಇಳೀತೈತೆ? ಮೊದ್ಲೇ ಎಲ್ಲಾ ಕೇಳಿ ಒಳಕ್ಕೆ ಬಿಡ್ಬೇಕು. ಬಿಟ್ಮೇಲೆ ಬಾಯಿ ಮುಚ್ಕೊಂಡು ಕಾಲಾಡಿಸ್ಬೇಕು.”

ನಾನು ಗೆಳೆಯನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಹುಟ್ಟಿದಾಗಿನಿಂದ ಆ ಕಿಟಕಿಯ ಪಕ್ಕದಲ್ಲೇ ಊಟ ಮಾಡಿದವನು ಅವನು. “ಲೇ, ಇದನ್ನ ಮೊದ್ಲೇ ಹೇಳೋಕೇನಾಗಿತ್ತು?” ಎಂದೆ. “ನೀನು ಮಾತಾಡೋದು ಯಾವಾಗ ನಿಲ್ಲಿಸಿದ್ದೆ?” ಎಂದ.

ಮರುದಿನವೇ ಚಳ್ಳಕೆರೆಗೆ ವಾಪಸಾದೆವು. ಗೆಳೆಯ ತಪಾಸಣೆಯನ್ನು ಹೊಸದಾಗಿ ಬರೆದ. ಕೋಡು ಒಳಗೆ ಹೋಗುವ ಮುಂಚೆಯೇ ಅದನ್ನು ಪೂರ್ತಿ ಓದಬೇಕು. ತನಗೆ ಕೊಟ್ಟ ಜಾಗ ಬಿಟ್ಟು ಬೇರೆ ಕಡೆ ಕೈಯಿಟ್ಟರೆ ವಾಪಸ್ಸು. ಎಷ್ಟು ಸುತ್ತಿನಲ್ಲಿ ಮುಗಿಯುತ್ತದೆಂದು ಹೇಳದೆ ಸುತ್ತುತ್ತಲೇ ಇದ್ದರೂ ವಾಪಸ್ಸು. ಪಾಸಾದದ್ದು ಒಳಗೆ ಹೋಗಲಿ, ಆಮೇಲೆ ಯಾರೂ ಅದನ್ನು ತಡೆದು ಕೇಳುವುದಿಲ್ಲ. ನಾನೇನು ಮಾಡಿದೆ? ಅವನಿಗೆ ಚಹಾ ತಂದುಕೊಟ್ಟೆ, ವರದಿಗೆ ಅಂದವಾಗಿ ರಟ್ಟು ಹಾಕಿಸಿದೆ.

ಪರೀಕ್ಷೆಯ ದಿನ ಪರೀಕ್ಷಕರು ವರದಿಯ ರಟ್ಟನ್ನು ನೋಡಲೂ ಇಲ್ಲ. ನಾವು ಸಿದ್ಧಪಡಿಸಿದ್ದ ಮೂರು ಕೋಡುಗಳೂ ಒಳಗೆ ಹೋಗಿ ಚಕಚಕನೆ ಕೆಲಸ ಮುಗಿಸಿದವು.

“ಇವೆಲ್ಲ ಮನೇಲಿ ಉರು ಹೊಡ್ಕೊಂಡು ಬಂದಿರೋವು,” ಎಂದರು. “ನನ್ನೆದುರಿಗೇ ಒಂದು ಬರೀರಿ.”

ಗೆಳೆಯ ಕೈ ಚಾಚುವ ಮೊದಲೇ ಕೀಬೋರ್ಡು ನನ್ನ ತೊಡೆಯ ಮೇಲಿತ್ತು. ಹತ್ತೇ ಸಾಲು. ಯಾರಾದರೂ ಕೀಲಿ ಒತ್ತುವವರೆಗೆ ಕಾಯುವುದು, ಒತ್ತಿದ್ದನ್ನು ಪರದೆಗೆ ಬರೆಯುವುದು. ಠೀವಿಯಿಂದ ಎಂಟರ್ ಹೊಡೆದೆ.

ಕರ್ನಲ್ ನನ್ನ ಕೋಡನ್ನು ಬಾಗಿಲಲ್ಲೇ ತಡೆಯಿತು. ಏಳನೆಯ ಸಾಲಿಗೆ ಕೊನೆಯಿಲ್ಲ, ಒಳಗೆ ಬಿಡಲಾಗದು ಎಂಬ ಸಂದೇಶ ಬಂತು.

ಗೈಡು ಮೇಷ್ಟ್ರ ಕನ್ನಡಕ ತಾನಾಗಿಯೇ ಹಣೆಗೇರಿತು. ಒಂದು ವರ್ಷ ಹೋಯಿತು ಎಂದುಕೊಂಡೆ. “ಸಾರ್, ಇದು ಸರಿಯಾಗೇ ಐತೆ, ತಪಾಸಣೆನೇ ಸ್ವಲ್ಪ ಅತಿ ಮಾಡ್ತೈತೆ,” ಎಂದು ನನ್ನ ಗೆಳೆಯನನ್ನು ಅವನ ಎದುರಿಗೇ ಮಾರಿಬಿಟ್ಟೆ.

“ಹಂಗಾದ್ರೆ ತಪಾಸಣೆ ತೆಗೆದು ಒಳಗೆ ಬಿಡಿ,” ಎಂದರು ಪರೀಕ್ಷಕರು.

ಬಿಟ್ಟೆವು. ಕಂಪ್ಯೂಟರ್ ಕಾಯತೊಡಗಿತು. ಪರೀಕ್ಷಕರು ಒಂದು ಕೀಲಿ ಒತ್ತಿದರು, ಎರಡು ಒತ್ತಿದರು, ಅಂಗೈಯಿಂದ ಎಲ್ಲವನ್ನೂ ಒತ್ತಿದರು. ಅದು ಕಾಯುವುದರಲ್ಲಿ ಎಷ್ಟು ತಲ್ಲೀನವಾಗಿತ್ತೆಂದರೆ, ಯಾವುದಕ್ಕೆ ಕಾಯುತ್ತಿತ್ತೋ ಅದು ಬಂದದ್ದನ್ನು ಕೇಳಿಸಿಕೊಳ್ಳುವವರೇ ಒಳಗೆ ಯಾರೂ ಉಳಿದಿರಲಿಲ್ಲ. ಕೊನೆಗೆ ಅವರೇ ಸ್ವಿಚ್ಚು ಆರಿಸಿ ಮತ್ತೆ ಹಚ್ಚಿ, ತಪಾಸಣೆ ಇಟ್ಟು, ಮೊದಲಿನ ಮೂರು ಕೋಡುಗಳ ಜೊತೆಗೆ ನನ್ನ ಹತ್ತು ಸಾಲನ್ನೂ ಹಾಕಿದರು. ನನ್ನದನ್ನು ಮತ್ತೆ ತಡೆಯಿತು. ಮಿಕ್ಕ ಮೂರು ಕೋಡುಗಳು ತಮ್ಮ ಪಾಡಿಗೆ ಓಡುತ್ತಲೇ ಇದ್ದವು.

“ಈ ಹತ್ತು ಸಾಲು ಯಾರದು?”

“ನಂದೇ ಸಾರ್.”

“ತಪಾಸಣೆ?”

“ಇವನದು ಸಾರ್.”

“ಇವತ್ತು ನೋಡಿದ್ರಲ್ಲಿ ಇದೇ ಒಳ್ಳೇ ಡೆಮೋ,” ಎಂದು ಅವರು ನಗುತ್ತಾ ಏನೋ ಬರೆದುಕೊಂಡರು.

ಫಲಿತಾಂಶ ಬಂದಾಗ ಇಬ್ಬರೂ ಪಾಸಾಗಿದ್ದೆವು, ಅವನಿಗೆ ನನಗಿಂತ ಹನ್ನೆರಡು ಅಂಕ ಜಾಸ್ತಿ. ನೋಟೀಸ್ ಬೋರ್ಡಿನ ಮುಂದೆಯೇ ಜಗಳ ತೆಗೆದೆ.

“ಲೇ, ನಾನು ತಪ್ಪು ಬರೀದಿದ್ರೆ ನಿನ್ನ ತಪಾಸಣೆ ಏನನ್ನ ಹಿಡೀತಿತ್ತು?”

“ಅದಕ್ಕೇ ನಿನ್ನೂ ಪಾಸ್ ಮಾಡವ್ರೆ,” ಎಂದ. “ಸುಮ್ನೆ ಬಾ.”