ಪರಾತದಾಗಿನ ಬಾವಿ

ನಾ ಅಂಜುಬುರುಕ ಮನುಷ್ಯ. ಹಾವಿಗೆ ಅಂಜ್ತೀನಿ, ಹೆಂಡತಿಗೆ ಅಂಜ್ತೀನಿ, ಅದೇನು ಹೊಸಾದಲ್ಲ ಬಿಡ್ರಿ. ಆದರ ಉಮರ್ಗಾದಾಗ ಎಂಟು ದಿನಕ್ಕೊಮ್ಮೆ ಟ್ಯಾಂಕರ್ ಬರೋ ಬರಗಾಲದಾಗ, ಒಂದು ತೂತು ಬಿದ್ದ ಪರಾತಕ್ಕ ಅಂಜಿದ್ದೆ ಅಂದ್ರ ನೀವು ನಗ್ತೀರಿ. ನಗ್ರಿ.

ಹಿಟ್ಟು ನಾದೋ ಆ ಪರಾತ ಸೋರಾಕ ಹತ್ತಿತಂತ ಹೆಂಡತಿ ಮೂಲಿಗೆ ಒಗದಿದ್ದಳು. ನಾ ಅದರಾಗ ಕರಿಮಣ್ಣು ಹರವಿದೆ, ಕಲ್ಲು ಇಟ್ಟು ಗುಡ್ಡ ಮಾಡಿದೆ. ನಮ್ಮ ಕಾಳಿನ ಅಂಗಡಿ ಗೋಡಿ ಬಿರುಕಿನಾಗ ಹುಟ್ಟಿದ ಗೇಣುದ್ದ ಆಲದ ಸಸಿ ತಂದು ನಟ್ಟೆ. ಸುತ್ತ ಗರಿಕಿ, ನಡುವ ಶೀಶೆ ಮುಚ್ಚಳದ ಬಾವಿ. ಜಪಾನದಾಗ ಇಂಥಾದ್ದು ಮಾಡೋರು ಉಸುಕನ್ನೇ ನದಿ ಅಂತ ನೋಡ್ತಾರಂತ. ನೀರಿನ ಖರ್ಚೇ ಇಲ್ಲ, ಶ್ಯಾಣ್ಯಾರು! ನನಗಷ್ಟು ಬುದ್ಧಿ ಎಲ್ಲಿ? ನಾ ಮಾಡಿದ್ದು ನಮ್ಮ ಹಳ್ಳಿ ವಲಾಂಡಿಯಾಗಿನ ಹೊಲ. ಅದರ ಬಾವ್ಯಾಗ ನೀರು ಬೇಕೇ ಬೇಕು.

ವಾರದಾಗ ಪರಾತದ ಮಣ್ಣು ಬಿರೀತು, ವಲಾಂಡಿ ಹೊಲ ಬಿರಿದಂಗ ಥೇಟ್. ಇದು ಒಣಗಿದರ ಅಲ್ಲಿದೂ ಹೋತು ಅಂತ ಯಾಕ ಅನ್ನಿಸ್ತೋ, ಇವತ್ತಿಗೂ ಗೊತ್ತಿಲ್ಲ.

ನೀರಿನ ಡ್ರಮ್ಮಿಗೆ ಕೀಲಿ, ಕೀಲಿ ಹೆಂಡತಿ ಸೊಂಟದಾಗ. ನನ್ನ ಪಾಲಿಗೆ ಉಳಿದದ್ದು ಲಿಂಗಪೂಜಿ ನೀರು. ಪೂಜಿ ನೀರು ತುಳಿಯೋ ಜಾಗದಾಗ ಚೆಲ್ಲಂಗಿಲ್ಲ, ಗಿಡಕ್ಕೇ ಹಾಕಬೇಕು; ನನ್ನ ಗಿಡ ಪರಾತದಾಗಿತ್ತು. ತಗೋರಿ, ನನ್ನ ಭಕ್ತಿ ಏರಾಕ ಹತ್ತಿತು! ಚಮಚೆ ಹೋಗಿ ವಾಟಗಾ ಬಂತು, ವಾಟಗಾ ಹೋಗಿ ತಂಬಿಗಿ.

"ಎಂಥಾ ಶರಣರು ಗಂಟು ಬಿದ್ದಾರವ್ವಾ ನನಗ!" ಅಂತಿದ್ದಳು ಹೆಂಡತಿ. ಅಂದಾಗೊಮ್ಮೆ ನನ್ನ ಜೀವ ಹಾರತಿತ್ತು.

ಒಂದು ಮುಂಜಾನೆ ಪೂಜಿಗೆ ಕೂತೀನಿ, ಬಾಜೂ ಮನಿ ಶಾಂತಾಬಾಯಿ ಬಂದಳು. ಅವರ ಸೊಸಿ ಹಡೆದು ಹನ್ನೆರಡು ದಿನ ಆಗಿತ್ತು.

"ಅಣ್ಣಾರ, ಕೂಸಿಗೆ ಎರಿಯಾಕ ಒಂದು ತಂಬಿಗಿ ನೀರು ಸಿಗತದೇನ್ರಿ?"

"ಹನಿ ನೀರಿಲ್ಲವಾ ತಂಗೀ," ಅಂದೆ. ಅಂಗೈ ಮ್ಯಾಲ ಲಿಂಗ, ತುಂಬಿದ ತಂಬಿಗಿ ಮೊಣಕಾಲ ಹಿಂದ.

ಶಾಂತಾಬಾಯಿ ಪರಾತದ ಕಡೆ ನೋಡಿದಳು. "ಬಾವ್ಯಾಗ ನೀರು ಅದಲ್ರೀ," ಅಂದಳು, ಹೋದಳು.

ಬೈದಿದ್ದರ ಬದುಕತಿದ್ದೆ. ಶಿವ ಸಿಟ್ಟಾಗ್ತಾನಂತ ಅಲ್ರೀ, ಕೂಸಿಗಿಲ್ಲದ ನೀರು ಮುಚ್ಚಳಕ್ಕ ಕೊಡೋ ಮನುಷ್ಯ ಆಗೀನಲ್ಲ ಅಂತ ಅಂಜಿಕಿ. ಪೂಜಿ ನೀರಿಲ್ಲದ ಹಂಗೇ ಮುಗಿಸಿ ತಂಬಿಗಿ ಹಿಡಕೊಂಡು ಅವರ ಬಾಗಿಲಿಗೆ ಹೋದೆ. ಏನಂತಾಳೋ ಅಂತ ತಲಿ ಎತ್ತಲಿಲ್ಲ.

ಶಾಂತಾಬಾಯಿ ನೀರು ಬಗ್ಗಿಸಿಕೊಂಡಳು. ತಳದಾಗ ಒಂದು ಗುಟುಕು ಉಳಿಸಿ ತಂಬಿಗಿ ನನ್ನ ಕೈಗೇ ಕೊಟ್ಟಳು.

"ಇದನ್ನ ಆ ಬಾವಿಗೆ ಹಾಕ್ರಿ ಅಣ್ಣಾರ. ಊರಾಗಿನ ಬಾವಿ ಎಲ್ಲಾ ಬತ್ತಿದ್ದು ನೋಡೀನಿ. ಅದೊಂದು ಬತ್ತೋದು ನೋಡೋ ಧೈರ್ಯ ನನಗಿಲ್ಲ."

ಅವತ್ತಿನಿಂದ ಪರಾತ ಎರಡೂ ಮನಿ ನಡುವಿನ ಕಟ್ಟಿ ಮ್ಯಾಲ ಕೂತದ. ಇಬ್ಬರಾದ ಮ್ಯಾಲ ಅಂಜಿಕಿ ಅರ್ಧ ಆತೇನು? ಎಲ್ಲಿಂದ! ಈಗ ಶಾಂತಾಬಾಯಿ ಸಲುವಾಗೂ ನಾನೇ ಅಂಜಬೇಕು. ಆದರ ದಿನಾ ಮುಂಜಾನೆ ಆ ಮುಚ್ಚಳದಾಗ ಬಗ್ಗಿ ನೋಡೋವಾಗ, ನನ್ನ ಬಾಜೂಕ ಇನ್ನೊಂದು ತಲಿ ಬಗ್ಗಿರತದ.